ಆಲಮಟ್ಟಿ ಹಿನ್ನೀರು: ಸಣ್ಣ ಸ್ಟಿಂಟ್‌ಗಳನ್ನು ಬೇರ್ಪಡಿಸೋದು, ಎಣಿಸೋದು, ಬೇಸಿಗೆಯ ಗೂಡುಗಳನ್ನು ಉಳಿಸೋದು ಹೇಗೆ?

ಕೊಲ್ಹಾರ_ದಂಡೆ:
ಎಲ್ಲರಿಗೂ ನಮಸ್ಕಾರ. ಜನವರಿಯ ಏಷ್ಯನ್ ವಾಟರ್‌ಬರ್ಡ್ ಸೆನ್ಸಸ್‌ಗೆ ಕೋರ್ತಿ-ಕೊಲ್ಹಾರ ಸೇತುವೆಯ ಅಕ್ಕಪಕ್ಕದ ದಂಡೆ ನಮ್ಮ ತಂಡದ ಪಾಲಿಗೆ ಬಂದಿದೆ. ರಾಜಹಂಸ, ಪಟ್ಟೆತಲೆ ಹೆಬ್ಬಾತು, ಮೆಟ್ಟುಗಾಲು ಹಕ್ಕಿ ಗುರುತಿಸೋಕೆ ತೊಂದರೆ ಇಲ್ಲ. ಕೆಸರಿನ ಅಂಚಿಗೆ ಓಡಾಡುವ ಗುಬ್ಬಿ ಗಾತ್ರದ ವಲಸೆ ಹಕ್ಕಿಗಳು, ಅಂದರೆ ಸ್ಟಿಂಟ್‌ಗಳೇ ತಲೆನೋವು. ಲಿಟಲ್ ಸ್ಟಿಂಟ್‌ಗೆ ಕಪ್ಪು ಕಾಲು, ಟೆಮ್ಮಿಂಕ್ಸ್ ಸ್ಟಿಂಟ್‌ಗೆ ಹಳದಿ-ಹಸಿರು ಕಾಲು ಅಂತ ಎಲ್ಲ ಪುಸ್ತಕದಲ್ಲೂ ಇದೆ. ಇಲ್ಲಿ ನೋಡಿದರೆ ಎಲ್ಲವಕ್ಕೂ ಕಪ್ಪು ಕಾಲೇ!

ನಮ್ಮಲ್ಲಿ 8x42 ಬೈನಾಕ್ಯುಲರ್ ಮೂರು, 20-60 ಪಟ್ಟು ಹಿಗ್ಗಿಸುವ ಸ್ಕೋಪ್ (ಒಂಟಿ ಕೊಳವೆಯ ದುರ್ಬೀನು) ಒಂದು ಇವೆ. ಕೇಳಬೇಕಾದ್ದು ಇಷ್ಟು: ಕಾಲಿನ ಬಣ್ಣ ಬಿಟ್ಟರೆ ಬೇರೇನು ನೋಡಬೇಕು? ಸಾವಿರಕ್ಕೂ ಮಿಕ್ಕಿದ ಬೆರಕೆ ಗುಂಪನ್ನು ಎಣಿಸೋದು ಹೇಗೆ? ಇನ್ನೊಂದು, ಬೇಸಿಗೆಯಲ್ಲಿ ನೀರು ಇಳಿದಾಗ ಏಳುವ ದಿಬ್ಬಗಳ ಮೇಲೆ ಚಿಟವ (ಪ್ರಾಟಿನ್‌ಕೋಲ್), ನದಿ ರೀವ (ರಿವರ್ ಟರ್ನ್) ಮೊಟ್ಟೆ ಇಡುತ್ತವೆ. ಅಲ್ಲಿಗೆ ದನ, ನಾಯಿ, ಕ್ಯಾಮೆರಾ ಹಿಡಿದವರು ಎಲ್ಲರೂ ಹೋಗುತ್ತಾರೆ. ಊರವರ ಮಟ್ಟದಲ್ಲಿ ಏನು ಮಾಡಬಹುದು?

ಎರಿನೆಲ_ಬಾಗಲಕೋಟೆ:
ಕಾಲಿನ ಬಣ್ಣವನ್ನು ಕಟ್ಟಕಡೆಗೆ ಇಟ್ಟುಕೊಳ್ಳಿ. ನಮ್ಮದು ಎರೆಮಣ್ಣಿನ ದಂಡೆ. ಆ ಕೆಸರು ಕಾಲಿಗೆ ಮೆತ್ತಿ ಒಣಗಿದರೆ ಹಳದಿ ಕಾಲೂ ಬೂದುಗಪ್ಪಾಗಿಯೇ ಕಾಣುತ್ತದೆ. ನೋಡಲೇಬೇಕು ಅಂದರೆ ಹಕ್ಕಿ ತಿಳಿನೀರಿಗೆ ಇಳಿದು ಮೈತೊಳೆದು ಹೊರಬರುವತನಕ ಕಾಯಿರಿ. ಇಲ್ಲವೇ ಕಾಲಿನ ಗಂಟಿನ ಮೇಲಿನ ಭಾಗವನ್ನು ಸ್ಕೋಪಿನಲ್ಲಿ ನೋಡಿ, ಕೆಸರು ಅಷ್ಟು ಮೇಲಕ್ಕೆ ಹತ್ತಿರುವುದು ಕಡಿಮೆ. ಎದುರು ಬಿಸಿಲಿದ್ದರೆ ಅದನ್ನೂ ನಂಬಬೇಡಿ.

ಮೊದಲು ನೋಡಬೇಕಾದ್ದು ಮೇಯುವ ರೀತಿ. ಲಿಟಲ್ ಸ್ಟಿಂಟ್ ಬಟಾಬಯಲು ಕೆಸರಿನಲ್ಲಿ, ನೀರಿನ ಗೆರೆಗುಂಟ, ಗುಂಪಿನಲ್ಲಿ ಇರುತ್ತದೆ. ಓಡುತ್ತದೆ, ಪಟಪಟ ಕುಕ್ಕುತ್ತದೆ, ಮತ್ತೆ ಓಡುತ್ತದೆ. ಟೆಮ್ಮಿಂಕ್ಸ್‌ಗೆ ಆ ಅವಸರವಿಲ್ಲ. ಮೈ ತಗ್ಗಿಸಿ, ಕಾಲು ಅರೆ ಮಡಚಿದಂತೆ ಮೆಲ್ಲಗೆ ಸರಿಯುತ್ತದೆ. ಅದಕ್ಕೆ ಬೇಕಾದ್ದು ಹುಲ್ಲಿನ ಬುಡ, ಜೊಂಡಿನ ಅಂಚು, ದನದ ಗೊರಸಿನ ಗುಳಿಯಲ್ಲಿ ನಿಂತ ನೀರು. ಹೆಚ್ಚಾಗಿ ಒಂಟಿ, ಇಲ್ಲವೇ ನಾಲ್ಕೈದು. ಈ ಒಂದು ಗುಣದಿಂದಲೇ ದೂರದಿಂದ ಬಹುಪಾಲು ಹಕ್ಕಿಗಳನ್ನು ವಿಂಗಡಿಸಬಹುದು.

ಆಮೇಲೆ ಎದೆ. ಟೆಮ್ಮಿಂಕ್ಸ್‌ನ ಎದೆಗೆ ಅಡ್ಡಡ್ಡ ಒಂದೇ ಸಮನಾದ ಬೂದುಗಂದು, ಅದು ಹೊಟ್ಟೆಯ ಬಿಳಿಗೆ ತಟ್ಟನೆ ಮುಗಿಯುತ್ತದೆ. ದೂರಕ್ಕೆ ಪುಟ್ಟ ಕಾಮನ್ ಸ್ಯಾಂಡ್‌ಪೈಪರ್ ಅನ್ನಿಸುತ್ತದೆ. ಲಿಟಲ್ ಸ್ಟಿಂಟ್‌ಗೆ ಚಳಿಗಾಲದಲ್ಲಿ ಎದೆಯ ಎರಡೂ ಬದಿಗೆ ಮಾತ್ರ ಬೂದು, ನಡುವೆ ಬಿಳಿ. ಮುಖವೂ ಹೆಚ್ಚು ಬೆಳ್ಳಗೆ. ಹಕ್ಕಿ ಪಕ್ಕಕ್ಕೆ ತಿರುಗಿದಾಗ ಬಾಲ ನೋಡಿ: ಟೆಮ್ಮಿಂಕ್ಸ್‌ನ ಬಾಲದ ತುದಿ ಮಡಚಿದ ರೆಕ್ಕೆಯನ್ನು ದಾಟಿ ಸ್ವಲ್ಪ ಹೊರಗೆ ಇರುತ್ತದೆ. ಲಿಟಲ್ ಸ್ಟಿಂಟ್‌ನಲ್ಲಿ ರೆಕ್ಕೆಯ ತುದಿ ಬಾಲದ ತುದಿಯವರೆಗೂ ಬರುತ್ತದೆ, ಕೆಲವೊಮ್ಮೆ ದಾಟುತ್ತದೆ.

ಹಾರಿದಾಗ ಅನುಮಾನ ಪೂರ್ತಿ ಹೋಗುತ್ತದೆ. ಟೆಮ್ಮಿಂಕ್ಸ್ ‘ಟಿರ್ರ್ರ್’ ಅಂತ ಎಳೆದು ಕೂಗುತ್ತಾ ನೇರ ಮೇಲಕ್ಕೆ ಏರುತ್ತದೆ, ಬಾಲದ ಎರಡೂ ಅಂಚು ಹಾಲುಬಿಳಿ. ಲಿಟಲ್ ಸ್ಟಿಂಟ್ ‘ಟಿಟ್’ ಅಂತ ಚುಟುಕಾಗಿ ಕೂಗಿ ಗುಂಪಿನ ಜೊತೆ ತಗ್ಗಿನಲ್ಲೇ ಹೋಗುತ್ತದೆ, ಬಾಲದ ಅಂಚು ಬೂದು. ಹಾಗಂತ ಗುರುತಿಸೋಕೋಸ್ಕರ ಎಬ್ಬಿಸಬೇಡಿ. ಹದ್ದು, ಡೇಗೆ ಬಂದರೆ ಅವೇ ಏಳುತ್ತವೆ. ಆಗ ಕಿವಿ ಕೊಟ್ಟರೆ ಸಾಕು.

ಹಳದಿ ಕಾಲು ಸ್ಪಷ್ಟವಾಗಿ ಕಂಡು, ಎದೆಯ ಮೇಲೆ ಗೀರುಗಳಿದ್ದು, ಕತ್ತು ಎತ್ತಿ ನೆಟ್ಟಗೆ ನಿಲ್ಲುವ ಹಕ್ಕಿ ಸಿಕ್ಕರೆ ಅದು ಲಾಂಗ್-ಟೋಡ್ ಸ್ಟಿಂಟ್ ಇರಬಹುದು. ನಮ್ಮ ಕಡೆ ಅಪರೂಪ. ಕಾಲು, ತಲೆ, ಬೆನ್ನು ಮೂರೂ ಕಾಣುವ ಫೋಟೋ ಇಲ್ಲದೆ ಪಟ್ಟಿಗೆ ಹಾಕಬೇಡಿ.

ಕೊಲ್ಹಾರ_ದಂಡೆ:
ತುಂಬಾ ಉಪಕಾರವಾಯಿತು ಸರ್. ಅದೇ ಗುಂಪಿನಲ್ಲಿ ಓಡಿ ಓಡಿ ನಿಲ್ಲುವ ಬೆಳ್ಳನೆಯ ಹಕ್ಕಿಗಳೂ ಇವೆ, ಎದೆಯ ಪಟ್ಟಿ ನಡುವೆ ತುಂಡಾಗಿದೆ. ಕೆಂಟಿಷ್ ಪ್ಲೋವರ್ ಅಂದುಕೊಂಡಿದ್ದೇವೆ. ಸರಿಯೇ?

ಎರಿನೆಲ_ಬಾಗಲಕೋಟೆ:
ಓಡು-ನಿಲ್ಲು-ಕುಕ್ಕು ಅಂದರೆ ಪ್ಲೋವರ್ ಖಂಡಿತ. ಕಣ್ಣಿನ ಸುತ್ತ ಹಳದಿ ಉಂಗುರ ಇದೆಯೇ ನೋಡಿ. ಇದ್ದರೆ ಲಿಟಲ್ ರಿಂಗ್ಡ್, ಇಲ್ಲದಿದ್ದರೆ ಕೆಂಟಿಷ್. ಹಾರುವಾಗ ಕೆಂಟಿಷ್‌ನ ರೆಕ್ಕೆಯಲ್ಲಿ ಬಿಳಿ ಪಟ್ಟಿ ಎದ್ದು ಕಾಣುತ್ತದೆ, ಲಿಟಲ್ ರಿಂಗ್ಡ್‌ಗೆ ಅದು ಇಲ್ಲ. ಎಳೆಯ ಲಿಟಲ್ ರಿಂಗ್ಡ್‌ನ ಎದೆಪಟ್ಟಿಯೂ ನಡುವೆ ತುಂಡಾದಂತೆ ಇರುತ್ತದೆ. ಹಾಗಾಗಿ ಪಟ್ಟಿಯೊಂದನ್ನೇ ನೆಚ್ಚಿಕೊಂಡರೆ ಲೆಕ್ಕ ತಪ್ಪುತ್ತದೆ.

ನವಿಲುತೀರ್ಥ_ಬೆಳಗಾವಿ:
ಎಣಿಕೆಯ ಬಗ್ಗೆ ನಾನು ಹೇಳುತ್ತೇನೆ. ಮೊದಲು ಜಾಗ. ಚಳಿಗಾಲದಲ್ಲಿ ಸೂರ್ಯ ತೆಂಕಣಕ್ಕೆ ವಾಲಿರುತ್ತಾನೆ. ಕೋರ್ತಿ ಇರುವುದು ದಕ್ಷಿಣ ದಂಡೆಯಲ್ಲಿ. ಅಲ್ಲಿ ನಿಂತು ಉತ್ತರಕ್ಕೆ ನೋಡಿದರೆ ಬಿಸಿಲು ಬೆನ್ನಿಗೆ ಬೀಳುತ್ತದೆ. ಕೊಲ್ಹಾರದ ಕಡೆಯಿಂದ ನೀರಿನತ್ತ ನೋಡಿದರೆ ಹಕ್ಕಿಗಳೆಲ್ಲ ಬರೀ ನೆರಳು. ಎಣಿಸಬಹುದು, ಜಾತಿ ಹೇಳಲಾಗದು. ಬೆಳಕು ಹರಿದಾಗ ಶುರು ಮಾಡಿ. ಬಿಸಿಲೇರಿ ಕೆಸರಿನ ಮೇಲೆ ಝಳ ಆಡತೊಡಗಿದರೆ 60 ಪಟ್ಟು ಜೂಮ್ ಉಪಯೋಗಕ್ಕೆ ಬರುವುದಿಲ್ಲ. ಆಗ 25-30ಕ್ಕೆ ಇಳಿಸಿದರೇ ಚಿತ್ರ ಚೊಕ್ಕಟ.

ಎರಡು ಲೆಕ್ಕ ಬೇರೆಬೇರೆ ಮಾಡಿ. ಒಂದು, ಜಾತಿ ನೋಡದೆ ಒಟ್ಟು ಸಂಖ್ಯೆ. ಹತ್ತು ಹಕ್ಕಿಗಳನ್ನು ಒಂದೊಂದಾಗಿ ಎಣಿಸಿ, ಆ ಹತ್ತು ಎಷ್ಟು ಜಾಗ ಹಿಡಿದಿವೆ ಅಂತ ಕಣ್ಣಳತೆ ಮಾಡಿಕೊಳ್ಳಿ. ಹಾಗೇ ಐವತ್ತು, ನೂರಕ್ಕೆ ಹೋಗಿ, ಆ ಅಳತೆಯಲ್ಲಿ ಗುಂಪಿನ ಈ ತುದಿಯಿಂದ ಆ ತುದಿಗೆ ಸಾಗಿ. ಗುಂಪು ದೊಡ್ಡದಾದಷ್ಟೂ ಜನ ಕಡಿಮೆ ಎಣಿಸುತ್ತಾರೆ. ಗುಂಪಿನ ನಡುವೆ ಹಕ್ಕಿಗಳು ಒತ್ತೊತ್ತಾಗಿರುತ್ತವೆ, ಅಂಚಿನ ಅಳತೆ ಅಲ್ಲಿಗೆ ಹೊಂದುವುದಿಲ್ಲ. ಆದ್ದರಿಂದ ನಡುವೆ ಒಮ್ಮೆ ಅಳತೆಯನ್ನು ಹೊಸದಾಗಿ ಹಿಡಿಯಿರಿ. ಇಬ್ಬರು ಒಬ್ಬರಿಗೊಬ್ಬರು ಹೇಳದೆ ಎಣಿಸಿ, ಆಮೇಲೆ ತಾಳೆ ನೋಡಿ. ಅಂತರ ಹೆಚ್ಚಿದ್ದರೆ ಇಬ್ಬರೂ ಮತ್ತೆ ಎಣಿಸಬೇಕು, ಸರಾಸರಿ ತೆಗೆದು ಮುಗಿಸಬಾರದು.

ಎರಡನೆಯದು, ಜಾತಿಯ ಪಾಲು. ಸ್ಕೋಪಿನಲ್ಲಿ ಐದು ಕಡೆ ನೂರು ನೂರು ಹಕ್ಕಿ ನೋಡಿ ಯಾವುದು ಎಷ್ಟು ಅಂತ ಬರೆದುಕೊಳ್ಳಿ. ಅದನ್ನು ಒಟ್ಟು ಸಂಖ್ಯೆಗೆ ಹಚ್ಚಿ. ಇಲ್ಲೊಂದು ಎಡವಟ್ಟು ಆಗುತ್ತದೆ: ಐದೂ ಕಡೆ ಬಯಲು ಕೆಸರನ್ನೇ ಆರಿಸಿದರೆ ಟೆಮ್ಮಿಂಕ್ಸ್ ಸೊನ್ನೆ ಬರುತ್ತದೆ. ಅವು ಹುಲ್ಲಿನ ಕಡೆ ಇರುತ್ತವಲ್ಲ! ಹುಲ್ಲಂಚನ್ನು ಬೇರೆಯಾಗಿ ನಡೆದು, ಪ್ರತಿಯೊಂದನ್ನೂ ಎಣಿಸಿ. ಜಾತಿ ತಿಳಿಯದ್ದನ್ನು ‘ಸ್ಟಿಂಟ್’ ಅಂತಷ್ಟೇ ಬರೆಯಿರಿ. ಊಹೆ ಸೇರಿಸಿದರೆ ಪಟ್ಟಿ ಉಪಯೋಗಕ್ಕೆ ಬಾರದು.

ಎರಡೂ ದಂಡೆಗೆ ತಂಡಗಳಿದ್ದರೆ ಒಂದೇ ಹೊತ್ತಿಗೆ ಶುರು ಮಾಡಿ. ದೊಡ್ಡ ಗುಂಪು ಎದ್ದು ಆಚೆ ಹೋದರೆ ಗಂಟೆ, ದಿಕ್ಕು, ಅಂದಾಜು ಸಂಖ್ಯೆ ಬರೆದಿಡಿ. ಇಲ್ಲದಿದ್ದರೆ ಒಂದೇ ಗುಂಪು ಎರಡು ಸಲ ಲೆಕ್ಕಕ್ಕೆ ಬರುತ್ತದೆ. ಹಕ್ಕಿಯ ಕಾಲಿಗೆ ಸಂಶೋಧಕರು ಕಟ್ಟಿದ ಬಣ್ಣದ ಪಟ್ಟಿ ಕಂಡರೆ ಬಣ್ಣ, ಅಕ್ಷರದ ಜೊತೆಗೆ ಎಡಗಾಲೋ ಬಲಗಾಲೋ, ಗಂಟಿನ ಮೇಲೋ ಕೆಳಗೋ ಅನ್ನುವುದನ್ನೂ ಬರೆದು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಕಳಿಸಿ. ಪಟ್ಟಿಯ ಬಣ್ಣ, ಅದು ಇರುವ ಜಾಗ ಎರಡೂ ಸೇರಿದರೇ ಯಾವ ದೇಶದಲ್ಲಿ ಕಟ್ಟಿದ್ದು ಅಂತ ತಿಳಿಯುವುದು. ಕೆಸರಿಗೆ ಇಳಿಯುವ ಯೋಚನೆ ಬೇಡ, ಮೇಲೆ ಒಣಗಿ ಗಟ್ಟಿ ಕಾಣುವ ಎರೆಮಣ್ಣು ಒಳಗೆ ತೊಡೆಮಟ್ಟ ಹುದುಗುತ್ತದೆ.

ಹೊಳಿಸಾಲ_ಜಮಖಂಡಿ:
ಬ್ಯಾಸಗಿ ಗೂಡಿನ ವಿಚಾರಕ್ಕ ಬರ್ತೀನ್ರಿ. ಚಿಟವ, ರೀವ ಎರಡೂ ಗೂಡು ಅಂತ ಏನೂ ಕಟ್ಟೂದಿಲ್ಲ. ಉಸುಕಿನಾಗ ಸಣ್ಣ ತಗ್ಗು ಮಾಡಿ ತತ್ತಿ ಇಡತಾವ. ತತ್ತಿ ಬಣ್ಣ ಉಸುಕು, ಹಳ್ಳಿನ ಬಣ್ಣಾನ. ಕಾಲಾಗ ಸಿಕ್ಕು ಒಡೆದರೂ ತುಳಿದವ್ರಿಗೆ ಗೊತ್ತಾಗೂದಿಲ್ಲ.

ತುಳಿಯೂದಕ್ಕಿಂತ ದೊಡ್ಡ ಕೇಡು ಬಿಸಲ. ಏಪ್ರಿಲ್ ಮಧ್ಯಾಹ್ನ ತಾಯಿ ಹಕ್ಕಿ ತತ್ತಿ ಮ್ಯಾಲೆ ಕುಂತಿರೂದು ಕಾವು ಕೊಡಾಕ ಅಲ್ಲ, ನೆರಳು ಕೊಡಾಕ. ಹೊಳಿಗೆ ಹೋಗಿ ಹೊಟ್ಟಿ ಪುಕ್ಕ ತೋಯಿಸಿಕೊಂಡು ಬಂದು ತತ್ತಿ ತಂಪು ಮಾಡತಾವ. ಆ ಹೊತ್ತಿನಾಗ ಯಾರರೆ ಫೋಟೋ ತೆಗಿಯಾಕ ಹೋಗಿ ತಾಯಿನ್ನ ಎಬ್ಬಿಸಿ ನಿಂತರ ತತ್ತಿ ಒಳಗಿನ ಮರಿ ಅಲ್ಲೇ ಬೆಂದು ಹೋಗತದ. ಅದಕ್ಕ ಮಾರ್ಚ್‌ನಿಂದ ಮೇ ಮುಗಿಯೂತನಕ ದಿಬ್ಬಕ್ಕ ಕಾಲಿಡಬ್ಯಾಡ್ರಿ. ದಂಡಿಯಿಂದಾನ ಸ್ಕೋಪ್ ಹಚ್ಚಿ ನೋಡ್ರಿ. ಡ್ರೋನ್ ಅಂತೂ ಬ್ಯಾಡೇ ಬ್ಯಾಡ. ರೀವ ಅದನ್ನ ಹದ್ದು ಅಂತ ತಿಳಿದು ಎಲ್ಲಾ ಒಮ್ಮೆಲೆ ಮ್ಯಾಲೆ ಏಳತಾವ, ಅಷ್ಟರಾಗ ಕಾಗಿ ಬಂದು ತತ್ತಿ ಒಯ್ತಾವ. ಗೊತ್ತಿಲ್ಲದ ಹೊಕ್ಕಿದ್ರ, ಚಿಟವ ರೆಕ್ಕಿ ಮುರದಂಗ ಮಾಡಿ ನಿಮ್ಮ ಮುಂದ ಹೊರಳಾಡಾಕ ಹತ್ತಿದ್ರ, ನಿಂತ ಜಾಗದಿಂದ ನಿಮ್ಮ ಹೆಜ್ಜಿ ಮ್ಯಾಲೇ ಹೆಜ್ಜಿ ಇಟ್ಟು ಹಿಂದಕ್ಕ ಬರ್ರಿ.

ನಾಯಿ ಸಮಸ್ಯೆ ಶುರುವಾಗೂದು ನೀರು ಇಳಿದು ದಿಬ್ಬ ದಂಡಿಗೆ ಕೂಡಿದ ದಿನ. ಸುತ್ತೂ ನೀರು ಇರೂತನಕ ಕಡಿಮಿ. ಕೂಡೂ ಜಾಗ ಎಲ್ಲಿ ಅಂತ ಮೊದಲ ಗುರುತು ಹಾಕಿ, ಅಲ್ಲಿ ಮುಳ್ಳು ಜಾಲಿ ಟೊಂಗಿ ಅಡ್ಡ ಹಾಕಿದ್ರ ದನ, ಕುರಿನೂ ತಡೀತದ. ಇದನ್ನ ಕುರಿಗಾರರ ಜೋಡಿ, ಮೀನಗಾರರ ಜೋಡಿ ಕುಂತು ಮಾತಾಡಿ, ಅರಣ್ಯ ಇಲಾಖೆಯವ್ರಿಗೆ ತಿಳಿಸಿನ ಮಾಡ್ರಿ. ಕುರಿಗೆ ನೀರು ಕುಡಿಸೂ ದಾರಿ ಸ್ವಲ್ಪ ಆಚೆ ತಿರುಗಿಸ್ರಿ ಅಂದ್ರ ಅವ್ರು ಕೇಳತಾರ, ‘ಬರಬ್ಯಾಡ್ರಿ’ ಅಂದ್ರ ಯಾರೂ ಕೇಳೂದಿಲ್ಲ. ಹರಿದ ನೈಲಾನ್ ಬಲಿ ದಂಡಿಗೆ ಬಿಸಾಕಿದ್ದು ಕಂಡ್ರ ಆರಿಸಿ ತರ್ರಿ. ಗೊರವಗಳ (ಸ್ಟಿಂಟ್‌ನಂಥ ದಂಡಿ ಹಕ್ಕಿಗಳ) ಬೆರಳಿಗೆ ಅದರ ಎಳಿ ಸುತ್ತಿ ರಕ್ತ ನಿಂತು ಬೆರಳೇ ಉದುರತಾವ.

ಅಥಣಿ, ಚಿಕ್ಕೋಡಿ, ಜಮಖಂಡಿ ಕಡೆ ಹೊಳಿ ಉಸುಕಿನ ದಿಬ್ಬಕ್ಕ ಇನ್ನೊಂದು ಕುತ್ತು ಐತಿ. ಬ್ಯಾಸಗಿಗೆ ಕುಡಿಯೂ ನೀರಿಗಂತ ಮ್ಯಾಲಿಂದ ನೀರು ಬಿಟ್ಟಾಗ ಹೊಳಿ ಏರಿ ತಗ್ಗಿನಾಗಿನ ತತ್ತಿ ತೇಲಿ ಹೋಗತಾವ. ನೀರು ಬ್ಯಾಡ ಅನ್ನಾಕ ಆಗೂದಿಲ್ಲ, ಜನ ಕುಡೀಬೇಕು. ಆದ್ರ ಒಮ್ಮೆಲೆ ಬಿಡೂದರ ಬದಲಿ ಮಾರ್ಚ್ ಮೊದಲಿಗೇ ಹೊಳಿ ಒಂದು ಮಟ್ಟಕ್ಕ ತಂದು ಹಿಡಿದ್ರ ಹಕ್ಕಿ ಆ ಮಟ್ಟದ ಮ್ಯಾಲೇ ತತ್ತಿ ಇಡತಾವ. ಅರ್ಜಿ ಕೊಡೂದಾದ್ರ ಹಿಂಗ ಬರೀರಿ.

ಎರಿನೆಲ_ಬಾಗಲಕೋಟೆ:
ಮೇಲಿನ ಮಾತಿಗೆ ಸೇರಿಸಿ: ನಿಮ್ಮ ಪ್ರತಿ ಪಟ್ಟಿಯಲ್ಲೂ ಆ ದಿನದ ಜಲಾಶಯದ ಮಟ್ಟವನ್ನು ಮೀಟರ್‌ನಲ್ಲಿ ಬರೆಯಿರಿ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ದಿನವೂ ಪ್ರಕಟಿಸುತ್ತದೆ. ಹಿನ್ನೀರಿನ ಹಕ್ಕಿಗಳ ಸಂಖ್ಯೆಗೆ ಅದೇ ಬೀಗದಕೈ. ನೀರು ದಿನಕ್ಕಿಷ್ಟು ಅಂತ ಮೆಲ್ಲಗೆ ಇಳಿದರೆ ಹೊಸ ಒದ್ದೆ ಕೆಸರು, ಅದರೊಳಗೆ ಹುಳ, ಸ್ಟಿಂಟ್‌ಗಳಿಗೆ ಊಟ. ಸರ್ರನೆ ಇಳಿದರೆ ಎರೆಮಣ್ಣು ಬಿರಿದು ಕಲ್ಲಾಗುತ್ತದೆ, ಕೊಕ್ಕು ಇಳಿಯುವುದಿಲ್ಲ. ಆ ವರ್ಷ ಹಕ್ಕಿ ಕಡಿಮೆ ಕಂಡರೆ ‘ವಲಸೆ ಕುಸಿಯಿತು’ ಅಂತ ಬರೆಯುವ ಮೊದಲು ಮಟ್ಟ ನೋಡಬೇಕು.

ಇದೇ ಕಾರಣಕ್ಕೆ ಆಗಸ್ಟ್-ಸೆಪ್ಟೆಂಬರ್‌ನಲ್ಲಿ ಆಲಮಟ್ಟಿಯಲ್ಲಿ ಹುಡುಕಿ ಪ್ರಯೋಜನವಿಲ್ಲ. ಉತ್ತರ ಧ್ರುವ ಪ್ರದೇಶದ ಟುಂಡ್ರಾ ಬಯಲಿನಿಂದ ಮೊದಲ ಲಿಟಲ್ ಸ್ಟಿಂಟ್‌ಗಳು ಇಳಿಯುವ ಹೊತ್ತಿಗೆ ಜಲಾಶಯ ತುಂಬಿ ದಂಡೆಯೇ ಇರುವುದಿಲ್ಲ. ಆಗ ಸಣ್ಣ ಕೆರೆಗಳ ಅಂಚು ನೋಡಿ. ಹಾಗಾಗಿ ಹೂಳೆತ್ತುವ ಹೆಸರಲ್ಲಿ ಕೆರೆಯ ದಂಡೆಯನ್ನು ಕಡಿದಾಗಿ ಕೊರೆಯುವುದು ಈ ಹಕ್ಕಿಗಳಿಗೆ ನೇರ ಹೊಡೆತ. ಒಂದು ಬದಿಯನ್ನಾದರೂ ಇಳಿಜಾರಾಗಿ ಬಿಡಬೇಕು.

ಆಲಮಟ್ಟಿಯ ಈಗಿನ ಪೂರ್ಣ ಮಟ್ಟ 519.60 ಮೀಟರ್. ಅದನ್ನು 524.256ಕ್ಕೆ ಏರಿಸುವ ಯೋಜನೆ ಇದೆ. ಏರಿದರೆ ಯಾವ ದಿಬ್ಬ ಯಾವ ತಿಂಗಳಲ್ಲಿ ಬಯಲಾಗುತ್ತದೆ ಅನ್ನುವ ಲೆಕ್ಕವೆಲ್ಲ ಬದಲು. ಈಗಿನ ಸ್ಥಿತಿಯ ದಾಖಲೆ ಇಲ್ಲದಿದ್ದರೆ ಮುಂದೆ ಏನು ಹೋಯಿತು ಅಂತ ತೋರಿಸಲು ಕೈಯಲ್ಲಿ ಏನೂ ಇರುವುದಿಲ್ಲ. 2024ರ ಅಕ್ಟೋಬರ್‌ನಲ್ಲಿ ಐಯುಸಿಎನ್ (ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟ) ಕೆಂಪುಪಟ್ಟಿಯಲ್ಲಿ ಕರ್ಲ್ಯೂ ಸ್ಯಾಂಡ್‌ಪೈಪರ್, ಗ್ರೇ ಪ್ಲೋವರ್ ಎರಡನ್ನೂ ‘ವಲ್ನರಬಲ್’ (ಅಳಿವಿನ ಅಪಾಯಕ್ಕೆ ಈಡಾಗಬಲ್ಲ) ವರ್ಗಕ್ಕೆ ಸೇರಿಸಿದರು. ಅಂಥ ತೀರ್ಮಾನಕ್ಕೆ ಆಧಾರ ವರ್ಷಗಟ್ಟಲೆ ಒಂದೇ ಕ್ರಮದಲ್ಲಿ ಮಾಡಿದ ಎಣಿಕೆಗಳು.

ಕೊಲ್ಹಾರ_ದಂಡೆ:
ಎಲ್ಲರಿಗೂ ಧನ್ಯವಾದ. ಸ್ಕೋಪ್ ತಂಡವನ್ನು ಕೋರ್ತಿ ದಂಡೆಗೇ ಹಾಕುತ್ತೇವೆ, ಹುಲ್ಲಂಚಿಗೆ ಇಬ್ಬರು ಬೇರೆ. ದಿಬ್ಬಗಳ ಜಿಪಿಎಸ್ ಗುರುತನ್ನು ಇಲ್ಲೇ ಹಾಕಲೇ?

ಹೊಳಿಸಾಲ_ಜಮಖಂಡಿ:
ಬ್ಯಾಡ್ರಿ. ಗೂಡಿನ ಜಾಗ ಎಲ್ಲರೂ ಓದೂ ಕಡೆ ಹಾಕಿದ್ರ ಮರುವಾರ ಅಲ್ಲಿ ಕ್ಯಾಮೆರಾ ಜಾತ್ರಿ ಆಗತದ. ವಲಯ ಅರಣ್ಯಾಧಿಕಾರಿಗೆ ಬರವಣಿಗಿ ಒಳಗ ಕೊಡ್ರಿ, ದಿನಾಂಕ, ನೀರಿನ ಮಟ್ಟ, ದೂರದಿಂದ ತಗದ ಫೋಟೋ ಹಚ್ಚಿ. ಒಂದು ಪ್ರತಿ ಗ್ರಾಮ ಪಂಚಾಯ್ತಿಗೂ ಕೊಟ್ಟು ಸ್ವೀಕೃತಿ ಸಹಿ ತಗೊಳ್ರಿ. ಫೆಬ್ರುವರಿ ಮುಗಿಯೂದ್ರೊಳಗ ಕೊಡಬೇಕು, ತತ್ತಿ ಇಟ್ಟ ಮ್ಯಾಲೆ ಕೊಟ್ರ ಕಾಗದ ತಿರುಗಾಡೂದ್ರಾಗ ಹಂಗಾಮು ಮುಗೀತದ.