ಶಾಲಾ ಕೈತೋಟಕ್ಕೆ ಸಿಎಸ್‌ಆರ್ (ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ) ಅಥವಾ ಫೌಂಡೇಶನ್ ದುಡ್ಡು ಸಿಗುತ್ತಾ? ಎಲ್ಲಿಂದ ಶುರು ಮಾಡಬೇಕು?

ಬೀಳಗಿ_ಕೈತೋಟ:

ಎಲ್ಲರಿಗೂ ನಮಸ್ಕಾರ್ರಿ. ಬೀಳಗಿ ತಾಲ್ಲೂಕಿನಲ್ಲಿ ನಮ್ಮದೊಂದು ಸಣ್ಣ ಸಂಘ ಇದೆ. ಆಲಮಟ್ಟಿ ಹಿನ್ನೀರಿಗೆ ಮುಳುಗಿ ಎದ್ದು ಬಂದ ಊರುಗಳ ಪುನರ್ವಸತಿ ಕೇಂದ್ರಗಳಲ್ಲಿ ಸರ್ಕಾರಿ ಶಾಲೆಗಳಿಗೆ ಜಾಗ ಬೇಕಾದಷ್ಟಿದೆ. ಆದರೆ ಬಹಳ ಕಡೆ ಜಾಲಿ ಬೆಳೆದು ಹಾಗೇ ಬಿದ್ದಿದೆ. ಅಂಥ ನಾಲ್ಕು ಶಾಲೆಗಳಲ್ಲಿ ಮಕ್ಕಳು, ತಾಯಂದಿರು ಸೇರಿ ಕೈತೋಟ ಮಾಡಿದ್ದೇವೆ. ನುಗ್ಗೆ, ಕರಿಬೇವು, ಪಪ್ಪಾಯಿ, ಬದನೆ, ಮೆಂತೆ, ಪುಂಡಿಪಲ್ಯ. ಬೆಳೆದದ್ದು ಬಿಸಿಯೂಟಕ್ಕೆ ಹೋಗುತ್ತದೆ.

ಇಲ್ಲಿಯವರೆಗೆ ಊರವರು ಕೊಟ್ಟ ದುಡ್ಡಲ್ಲೇ ನಡೆದಿದೆ. ಈಗ ಬೇರೆ ಶಾಲೆಯವರೂ ಕೇಳುತ್ತಿದ್ದಾರೆ. ತಂತಿ ಬೇಲಿ, ನೀರಿನ ಟಾಕಿ, ಡ್ರಿಪ್ ಪೈಪು, ತೋಟ ನೋಡಿಕೊಳ್ಳುವ ಒಬ್ಬರಿಗೆ ಸಂಬಳ, ಎಲ್ಲ ಸೇರಿಸಿದರೆ ವರ್ಷಕ್ಕೆ ಆರೇಳು ಲಕ್ಷ ಬೇಕು. ನೆಟ್‌ನಲ್ಲಿ ಹುಡುಕಿದರೆ ಅಮೆರಿಕದ ಗಾರ್ಡನ್ ಗ್ರಾಂಟ್‌ಗಳ ಉದ್ದುದ್ದ ಪಟ್ಟಿ ಬರುತ್ತದೆ, ನಮ್ಮ ಕಡೆಯದು ಒಂದೂ ಕಾಣಲ್ಲ. ಬೆಂಗಳೂರಿನ ದೊಡ್ಡ ದೊಡ್ಡ ಫೌಂಡೇಶನ್‌ಗಳಿಗೆ ಮೇಲ್ ಹಾಕಿದೆವು, ಉತ್ತರ ಇಲ್ಲ.

ಸಂಘ ರಿಜಿಸ್ಟರ್ ಆಗಿ ನಾಲ್ಕು ವರ್ಷ ಆಯ್ತು. ಪ್ರತಿ ವರ್ಷ ಆಡಿಟ್ ಆಗುತ್ತದೆ. 12ಎ (ಸಂಘದ ಆದಾಯಕ್ಕೆ ತೆರಿಗೆ ವಿನಾಯಿತಿ) ಇದೆ, 80ಜಿ (ದಾನ ಕೊಟ್ಟವರಿಗೆ ತೆರಿಗೆ ರಿಯಾಯಿತಿ) ಇನ್ನೂ ಮಾಡಿಸಿಲ್ಲ. ಯಾರನ್ನು ಕೇಳಬೇಕು, ಹೇಗೆ ಕೇಳಬೇಕು? ಗೊತ್ತಿದ್ದವರು ಹೇಳಿ.

ಉದ್ಯಮಬಾಗ_ಲೆಕ್ಕಪತ್ರ:

ಅಕ್ಕಾವ್ರೇ, ನಾನು ಬೆಳಗಾವಿಯಲ್ಲಿ ಒಂದು ಫೌಂಡ್ರಿ ಕಂಪನಿಯ ಅಕೌಂಟ್ಸ್ ನೋಡುತ್ತೇನೆ. ಹಾಗಾಗಿ ದುಡ್ಡು ಕೊಡುವವರ ಕಡೆಯಿಂದ ಹೇಳುತ್ತೇನೆ.

ಮೊದಲು ಬೆಂಗಳೂರು, ಮುಂಬೈ ಬಿಡಿ. ನಿಮ್ಮಂಥ ಸಂಘಕ್ಕೆ ಬೇಕಾದ ದುಡ್ಡು ಇರೋದು ಹತ್ತಿರದ ಮಧ್ಯಮ ಗಾತ್ರದ ಕಂಪನಿಗಳಲ್ಲಿ. 2013ರ ಕಂಪನಿ ಕಾಯ್ದೆಯ 135ನೇ ಕಲಂ ನೋಡಿ. ಹಿಂದಿನ ವರ್ಷದ ನಿವ್ವಳ ಲಾಭ 5 ಕೋಟಿ ಅಥವಾ ಜಾಸ್ತಿ ಇದ್ದರೆ ಆ ಕಂಪನಿ ಸಿಎಸ್‌ಆರ್ ಮಾಡಲೇಬೇಕು. 1000 ಕೋಟಿ ವಹಿವಾಟು, 500 ಕೋಟಿ ನೆಟ್‌ವರ್ತ್ ಅನ್ನೋದು ಬೇರೆ ಎರಡು ಅಳತೆಗಳು, ಮೂರರಲ್ಲಿ ಒಂದು ಹೊಂದಿದರೂ ಸಾಕು. ಜನ ಆ ದೊಡ್ಡ ಅಂಕಿಗಳನ್ನಷ್ಟೇ ನೋಡಿ ಇದೆಲ್ಲ ಟಾಟಾ, ಇನ್ಫೋಸಿಸ್‌ನವರ ವಿಷಯ ಅಂದುಕೊಳ್ಳುತ್ತಾರೆ. ಖರ್ಚು ಮಾಡಬೇಕಾದದ್ದು ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ. 2. ಅಂದರೆ ಸರಾಸರಿ 5 ಕೋಟಿ ಲಾಭ ಇರುವ ಕಂಪನಿಗೆ ವರ್ಷಕ್ಕೆ 10 ಲಕ್ಷ. ಆ 10 ಲಕ್ಷ ಎಲ್ಲಿ ಹಾಕೋದು ಅಂತ ಮಾರ್ಚ್ ಹತ್ತಿರ ಬಂದಾಗ ಅವರಿಗೇ ತಲೆಬಿಸಿ ಇರುತ್ತದೆ, ಯಾಕೆಂದರೆ ಅವರ ಬಳಿ ಇದಕ್ಕೆ ಅಂತ ಬೇರೆ ಆಫೀಸೂ ಇರಲ್ಲ, ಜನವೂ ಇರಲ್ಲ.

ಇನ್ನೊಂದು ಮಾತು. ಸಿಎಸ್‌ಆರ್ ಬಾಧ್ಯತೆ 50 ಲಕ್ಷದ ಒಳಗಿದ್ದರೆ ಅದಕ್ಕೆ ಬೇರೆ ಸಮಿತಿ ಕಡ್ಡಾಯ ಅಲ್ಲ, ಬೋರ್ಡಿನವರೇ ತೀರ್ಮಾನ ಮಾಡಬಹುದು. ನಮ್ಮ ಕಡೆ ಬೋರ್ಡು ಅಂದರೆ ಮಾಲೀಕರು, ಅವರ ತಮ್ಮ, ಇಲ್ಲ ಮಗ. ಒಂದು ಸಲ ಅವರು ಶಾಲೆಗೆ ಬಂದು ತೋಟ ನೋಡಿದರೆ ಅರ್ಧ ಕೆಲಸ ಆದಂತೆ.

ನಿಮ್ಮ ಸುತ್ತ ಯಾರಿದ್ದಾರೆ ನೋಡಿ. ಮುಧೋಳ ತಾಲ್ಲೂಕಿನ ಮುದ್ದಾಪುರದಲ್ಲಿ ಜೆಕೆ ಸಿಮೆಂಟ್ ಇದೆ. ಕೊರ್ತಿ-ಕೊಲ್ಹಾರ ಸೇತುವೆ ದಾಟಿದರೆ ಆ ಕಡೆ ಕೂಡಗಿಯಲ್ಲಿ ಎನ್‌ಟಿಪಿಸಿ. ಇವು ದೊಡ್ಡವು. ಆಮೇಲೆ ಖಾಸಗಿ ಸಕ್ಕರೆ ಕಾರ್ಖಾನೆಗಳು. ಇಲ್ಲಿ ಒಂದು ವಿಷಯ ಗಮನಿಸಿ, ಸಹಕಾರಿ ಸಕ್ಕರೆ ಕಾರ್ಖಾನೆಗಳು ಕಂಪನಿ ಕಾಯ್ದೆಯ ಕೆಳಗೆ ಬರಲ್ಲ, ಅವರಿಗೆ 135ನೇ ಕಲಂ ಅನ್ವಯ ಆಗಲ್ಲ. ಕೊಟ್ಟರೆ ಪ್ರೀತಿಯಿಂದ ಕೊಡಬೇಕು ಅಷ್ಟೇ. ಖಾಸಗಿ ಕಾರ್ಖಾನೆಯಲ್ಲೂ ಲಾಭ ಏರಿಳಿತ ಜಾಸ್ತಿ, ಈ ವರ್ಷ ಕೊಟ್ಟವರು ಮುಂದಿನ ವರ್ಷ ಕೈ ಎತ್ತಬಹುದು.

ಸಿಎಸ್‌ಆರ್ ಮಾಡುವ ಕಂಪನಿಗೆ ವೆಬ್‌ಸೈಟ್ ಇದ್ದರೆ ಅದರಲ್ಲಿ ತನ್ನ ಸಿಎಸ್‌ಆರ್ ನೀತಿ, ಬೋರ್ಡು ಒಪ್ಪಿದ ಯೋಜನೆಗಳು ಇವನ್ನು ಹಾಕಲೇಬೇಕು. ಮೊದಲು ಅದನ್ನು ಓದಿ. ಬರೀ ಆಸ್ಪತ್ರೆಗೆ ಕೊಡುವವರ ಹತ್ತಿರ ತೋಟದ ಮಾತು ತೆಗೆದರೆ ಸುಮ್ನೆ ಸಮಯ ಹಾಳು.

ಗುಮ್ಮಟನಗರಿ:

ಮೇಲಿನವರು ಹೇಳಿದ್ದು ಸರಿ. ಆದರೆ 80ಜಿ ಇಲ್ಲದೆ ನೀವು ಯಾವ ಕಂಪನಿ ಬಾಗಿಲಿಗೆ ಹೋದರೂ ಚಹಾ ಕುಡಿಸಿ ಕಳಿಸುತ್ತಾರೆ.

2021ರ ಏಪ್ರಿಲ್ 1ರಿಂದ ಸಿಎಸ್‌ಆರ್ ಕೆಲಸ ಮಾಡಿಕೊಡುವ ಪ್ರತಿ ಸಂಸ್ಥೆಯೂ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದಲ್ಲಿ ಸಿಎಸ್‌ಆರ್-1 ಫಾರ್ಮ್ ತುಂಬಿ ನಂಬರ್ ಪಡೆದಿರಬೇಕು. ನಿಮ್ಮಂಥ ಸಂಘಕ್ಕೆ ಆ ನಂಬರ್ ಸಿಗಬೇಕಾದರೆ 12ಎ ಮತ್ತು 80ಜಿ ಎರಡೂ ಬೇಕು. ಜೊತೆಗೆ ಅದೇ ತರಹದ ಕೆಲಸದಲ್ಲಿ ಕನಿಷ್ಠ ಮೂರು ವರ್ಷದ ದಾಖಲೆ. ಅದು ನಿಮ್ಮ ಹತ್ತಿರ ಇದೆ, ಅದೇ ದೊಡ್ಡದು. 80ಜಿ ಅರ್ಜಿ ಆನ್‌ಲೈನ್, ಆದಾಯ ತೆರಿಗೆ ಪೋರ್ಟಲ್‌ನಲ್ಲೇ. ಬೈಲಾದಲ್ಲಿ ಯಾವುದೋ ಒಂದು ಜಾತಿ, ಧರ್ಮದವರ ಏಳಿಗೆಗಾಗಿ ಅಂತ ಬರೆದಿದ್ದರೆ 80ಜಿ ಹತ್ತಿರ ಅಡ್ಡಿ ಬರುತ್ತದೆ, ನಮ್ಮ ಕಡೆ ಹಳೆಯ ಸಂಘಗಳಲ್ಲಿ ಇದು ಬಹಳ. ಒಮ್ಮೆ ತೆಗೆದು ನೋಡಿ. ಸಿಎಸ್‌ಆರ್-1ಗೆ ಸಂಘದ ಪದಾಧಿಕಾರಿಯ ಡಿಜಿಟಲ್ ಸಹಿ ಬೇಕು, ಮತ್ತೆ ಒಬ್ಬ ಸಿಎ ಅಥವಾ ಕಂಪನಿ ಸೆಕ್ರೆಟರಿಯಂಥ ವೃತ್ತಿಪರರು ದೃಢೀಕರಿಸಬೇಕು. ನೀತಿ ಆಯೋಗದ ದರ್ಪಣ್ ಪೋರ್ಟಲ್‌ನಲ್ಲಿ (ಸ್ವಯಂಸೇವಾ ಸಂಸ್ಥೆಗಳ ಪಟ್ಟಿ) ಕೂಡ ಹೆಸರು ಹಾಕಿಸಿ, ಪುಕ್ಕಟೆ. ಸಂಘಗಳ ನೋಂದಣಿ ಅಧಿಕಾರಿಗೆ ವರ್ಷ ವರ್ಷ ಕೊಡಬೇಕಾದ ಆಡಳಿತ ಮಂಡಳಿ ಪಟ್ಟಿ, ಲೆಕ್ಕಪತ್ರ ಬಾಕಿ ಇದ್ದರೆ ಅದನ್ನೂ ಮುಗಿಸಿ.

ಇನ್ನು ಏಜೆಂಟರ ಬಗ್ಗೆ ಹೇಳಲೇಬೇಕು. 80ಜಿ ಬಂದ ಕೂಡಲೇ ನಿಮಗೆ ಫೋನ್ ಶುರುವಾಗುತ್ತವೆ. ‘ಮ್ಯಾಡಂ, 50 ಲಕ್ಷ ಸಿಎಸ್‌ಆರ್ ಪಾಸ್ ಆಗಿದೆ, ಪ್ರೊಸೆಸಿಂಗ್ ಫೀ ಕಟ್ಟಿ’ ಅಂತ. ಇನ್ನೊಂದು ತಂಡ ಇದೆ, ಅವರು ಫೀ ಕೇಳಲ್ಲ, ದುಡ್ಡು ನಿಮ್ಮ ಖಾತೆಗೆ ಬಂದ ಮೇಲೆ ಇಷ್ಟು ಪಾಲು ನಗದಾಗಿ ವಾಪಸ್ ಕೊಡಿ ಅನ್ನುತ್ತಾರೆ. ಅದಕ್ಕೆ ಕೈ ಹಾಕಿದರೆ ಸಂಘವೇ ಹೋಯಿತು, ಸಹಿ ಹಾಕಿದವರೂ ಸಿಕ್ಕಿಬೀಳುತ್ತಾರೆ. ಕೇರಳದಲ್ಲಿ ಅರ್ಧ ಬೆಲೆಗೆ ಸ್ಕೂಟರ್ ಕೊಡುತ್ತೇವೆ, ಉಳಿದರ್ಧ ಸಿಎಸ್‌ಆರ್‌ನಿಂದ ಬರುತ್ತದೆ ಅಂತ ಊರೂರಲ್ಲಿ ದುಡ್ಡು ಎತ್ತಿದ ಹಗರಣ 2025ರಲ್ಲಿ ಹೊರಗೆ ಬಂತಲ್ವಾ, ಅಲ್ಲಿಯೂ ಸಣ್ಣ ಸಣ್ಣ ಸಂಘಗಳನ್ನೇ ಮುಂದೆ ಇಟ್ಟಿದ್ದರು. ನಿಜವಾಗಿ ದುಡ್ಡು ಕೊಡುವ ಕಂಪನಿ ನಿಮ್ಮಿಂದ ಮೊದಲೇ ಒಂದು ರೂಪಾಯಿಯೂ ಕೇಳಲ್ಲ.

ಬೀಳಗಿ_ಕೈತೋಟ:

ಅಣ್ಣಾವ್ರೇ, ಇಬ್ಬರಿಗೂ ಧನ್ಯವಾದ. 80ಜಿ ಇಲ್ಲದೆಯೇ ನಮಗೆ ಒಬ್ಬರು ಫೋನ್ ಮಾಡಿ 15 ಪರ್ಸೆಂಟ್ ಕೇಳಿದ್ದರು! ಇನ್ನು ಅವರ ಫೋನ್ ಎತ್ತಲ್ಲ.

ಎರಡು ಪ್ರಶ್ನೆ. ಆ ಅಮೆರಿಕದ ಪಟ್ಟಿಯಲ್ಲಿ ನಮಗೆ ಆಗುವಂಥದ್ದು ಏನಾದರೂ ಇದೆಯಾ? ಮತ್ತೆ ಸಂಬಳಕ್ಕೆ ಸಿಎಸ್‌ಆರ್‌ನಲ್ಲಿ ಕೊಡಲ್ಲ, ಶೇ. 5 ಮಾತ್ರ ಅಂತ ಯಾರೋ ಹೇಳಿದರು, ಹೌದಾ? ಬೇಲಿ, ಟಾಕಿ ಎಲ್ಲ ಹಾಕಿ ನೋಡಿಕೊಳ್ಳಲು ಆಳಿಲ್ಲದಿದ್ದರೆ ಏನು ಉಪಯೋಗ?

ಕಿತ್ತೂರ_ಓದುಗ:

ಅಮೆರಿಕದ್ದು ಸದ್ಯಕ್ಕೆ ಮರೆತುಬಿಡಿ. ಆ ಪಟ್ಟಿಯ ಮುಕ್ಕಾಲು ಪಾಲು ಅಲ್ಲಿಯ 501ಸಿ3 (ತೆರಿಗೆ ವಿನಾಯಿತಿ ಇರುವ ಲಾಭರಹಿತ) ಸಂಸ್ಥೆಗಳಿಗೆ, ಅಲ್ಲಿಯ ಶಾಲೆಗಳಿಗೆ ಅಂತಲೇ ಇರೋದು. ಹೋಲ್ ಕಿಡ್ಸ್ ಫೌಂಡೇಶನ್ ಅಂತ ಒಂದಿದೆ, ಶಾಲಾ ತೋಟಕ್ಕೆ 3000 ಡಾಲರ್ ಕೊಡುತ್ತದೆ, ಆದರೆ ಅದು ಅಮೆರಿಕ, ಕೆನಡಾದ ಕಡೆಯವರಿಗೆ. ಇನ್ನು ಹೊರದೇಶದ ಯಾರೋ ಕೊಡಲು ಒಪ್ಪಿದರು ಅನ್ನಿ, ಎಫ್‌ಸಿಆರ್‌ಎ (ಹೊರದೇಶದ ದೇಣಿಗೆ ಪಡೆಯಲು ಬೇಕಾದ ನೋಂದಣಿ) ಇಲ್ಲದೆ ಒಂದು ಪೈಸೆ ಮುಟ್ಟುವಂತಿಲ್ಲ. ಆ ನೋಂದಣಿಗೆ ಮೂರು ವರ್ಷ ಹಳೆಯ ಸಂಸ್ಥೆ ಆಗಿರಬೇಕು, ಆ ಮೂರು ವರ್ಷದಲ್ಲಿ 15 ಲಕ್ಷವಾದರೂ ಕೆಲಸಕ್ಕೆ ಖರ್ಚು ಮಾಡಿರಬೇಕು, ದುಡ್ಡು ಇಳಿಯೋದು ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೇ. ಎಫ್‌ಸಿಆರ್‌ಎ ಇರುವ ಬೇರೆ ಸಂಸ್ಥೆ ಮೂಲಕ ತೆಗೆದುಕೊಳ್ಳೋಣ ಅಂದರೆ ಅದೂ ಇಲ್ಲ, 2020ರ ತಿದ್ದುಪಡಿಯಲ್ಲಿ ಆ ದಾರಿ ಮುಚ್ಚಿದ್ದಾರೆ.

ಆದರೆ ಅಲ್ಲಿಯವರು ಹುಡುಕುವ ರೀತಿ ಕಲಿಯುವಂಥದ್ದು. ಅಲ್ಲಿ ಖಾಸಗಿ ಫೌಂಡೇಶನ್‌ಗಳು ವರ್ಷಕ್ಕೆ ಆಸ್ತಿಯ ಸುಮಾರು ಶೇ. 5ರಷ್ಟು ಹಂಚಲೇಬೇಕು. ಯಾರಿಗೆ ಎಷ್ಟು ಕೊಟ್ಟರು ಅಂತ 990-ಪಿಎಫ್ ಅನ್ನುವ ತೆರಿಗೆ ಫಾರ್ಮ್‌ನಲ್ಲಿ ಬರೆದು ಬಹಿರಂಗ ಮಾಡಬೇಕು. ದುಡ್ಡು ಕೇಳುವವರು ಫೌಂಡೇಶನ್‌ನ ಚಂದದ ಮಾತು ಓದಲ್ಲ, ಆ ಫಾರ್ಮ್ ಓದುತ್ತಾರೆ. ಹೋದ ವರ್ಷ ನಮ್ಮಂಥ ಸಣ್ಣವರಿಗೆ ಕೊಟ್ಟಿದ್ದಾರಾ, ಎಷ್ಟು ಕೊಟ್ಟಿದ್ದಾರೆ, ಅಷ್ಟೇ ನೋಡೋದು. ನೀವೂ ಹಾಗೇ ಮಾಡಿ. ರಾಷ್ಟ್ರೀಯ ಸಿಎಸ್‌ಆರ್ ಪೋರ್ಟಲ್‌ನಲ್ಲಿ ಕಂಪನಿವಾರು, ರಾಜ್ಯವಾರು ಖರ್ಚು ಸಿಗುತ್ತದೆ.

ದೊಡ್ಡ ಫೌಂಡೇಶನ್‌ಗಳ ಬಾಗಿಲು ಪೂರ್ತಿ ಮುಚ್ಚಿದೆ ಅಂತಲೂ ಅಲ್ಲ. ಅಜೀಂ ಪ್ರೇಮ್‌ಜಿ ಫೌಂಡೇಶನ್ ಸಂಸ್ಥೆಗಳಿಗೆ ಅನುದಾನ ಕೊಡುತ್ತದೆ. ಆದರೆ ನಾಲ್ಕು ಶಾಲೆಯ ತೋಟ ತೋರಿಸಿ ಅಲ್ಲಿ ಹೋಗೋದು ಸ್ವಲ್ಪ ಬೇಗ ಆಯ್ತು ಅನ್ನೋದು ನನ್ನ ಅನಿಸಿಕೆ.

ಜಮಖಂಡಿ_ಮಾಸ್ತರ:

ಅಕ್ಕಾವ್ರ ಬೇಜಾರು ಮಾಡಿಕೊಳ್ಳಬೇಡಿ, ನಾನು ಸ್ವಲ್ಪ ನೇರ. ದುಡ್ಡಿನ ಮಾತು ಆಮೇಲೆ. ಏಪ್ರಿಲ್, ಮೇ ತಿಂಗಳಲ್ಲಿ ನಿಮ್ಮ ತೋಟಕ್ಕೆ ನೀರು ಯಾರು ಬಿಡುತ್ತಾರೆ? ಶಾಲೆಗೆ ರಜೆ, ಮಕ್ಕಳಿಲ್ಲ, ಊರಿಗೇ ಕುಡಿಯುವ ನೀರಿನ ತಾಪತ್ರಯ, ಎರೆ ಭೂಮಿ ಬಾಯಿ ಬಿಟ್ಟಿರುತ್ತದೆ. ಜೂನ್‌ನಲ್ಲಿ ಬಾಗಿಲು ತೆಗೆದರೆ ಒಣ ಕಡ್ಡಿ. ಇಂಥ ತೋಟಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ದುಡ್ಡು ಕೊಡುವವರೂ ಮೊದಲು ಕೇಳೋದು ಇದನ್ನೇ. ಬೇಸಿಗೆಗೆ ನುಗ್ಗೆ, ಕರಿಬೇವಿನಂಥ ತಡೆಯುವ ಗಿಡ ಮಾತ್ರ ಉಳಿಸಿಕೊಂಡು, ಸೊಪ್ಪು ತರಕಾರಿಯನ್ನು ಮಳೆಗಾಲ ಮತ್ತು ಚಳಿಗಾಲಕ್ಕೆ ಇಟ್ಟುಕೊಳ್ಳಿ. ಕೈ ತೊಳೆದ ನೀರು, ತಟ್ಟೆ ತೊಳೆದ ನೀರು ಪಪ್ಪಾಯಿ, ಬಾಳೆಗೆ ಹೋಗುವ ಹಾಗೆ ಕಾಲುವೆ ತೆಗೆಯಿರಿ. ಇದಕ್ಕೆ ಸಿಎಸ್‌ಆರ್ ಬೇಡ, ಸಲಿಕೆ ಸಾಕು.

ಬೀಜಕ್ಕೂ ಜಾಸ್ತಿ ಖರ್ಚು ಬರೆಯಬೇಡಿ. ಬಾಗಲಕೋಟೆಯಲ್ಲೇ ತೋಟಗಾರಿಕೆ ವಿಶ್ವವಿದ್ಯಾಲಯ ಇದೆ, ಹೋಗಿ ಕೇಳಿ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆ ಐಐಎಚ್‌ಆರ್‌ನವರ ಅರ್ಕಾ ತಳಿಗಳ ಬೀಜ ಆನ್‌ಲೈನ್‌ನಲ್ಲೂ ಸಿಗುತ್ತದೆ. ಪುಂಡಿ, ರಾಜಗಿರಿ ಬೀಜ ಊರ ತಾಯಂದಿರ ಗಂಟಿನಲ್ಲೇ ಇರುತ್ತದೆ. ದುಡ್ಡು ನಿಜವಾಗಿ ಬೇಕಾಗೋದು ಬೇಲಿಗೆ ಮತ್ತು ನೀರಿಗೆ. ಆಡು, ಹಂದಿ ಒಳಗೆ ಬಂದರೆ ಒಂದೇ ರಾತ್ರಿಗೆ ಎಲ್ಲಾ ಸಾಫ್.

ಜಾಗ ಶಾಲೆಯದು, ನೆನಪಿರಲಿ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಠರಾವು, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಪತ್ರ ಇಲ್ಲದೆ ಗುಂಡಿ ತೋಡಬೇಡಿ. ಹೆಡ್‌ಮಾಸ್ತರ ವರ್ಗ ಆಗಿ ಹೊಸಬರು ಬಂದರೆ ‘ಯಾರು ಹೇಳಿದ್ದು ನಿಮಗೆ’ ಅನ್ನುತ್ತಾರೆ.

ಉದ್ಯಮಬಾಗ_ಲೆಕ್ಕಪತ್ರ:

ಮಾಸ್ತರ ಹೇಳಿದ ಠರಾವು ನಮಗೂ ಬೇಕಾಗುತ್ತದೆ. ಸಿಎಸ್‌ಆರ್ ದುಡ್ಡಲ್ಲಿ ಮಾಡಿದ ಬೋರ್‌ವೆಲ್, ಬೇಲಿಯಂಥ ಆಸ್ತಿ ಕಂಪನಿಯ ಹೆಸರಲ್ಲಿ ಇರುವಂತಿಲ್ಲ. ಸಿಎಸ್‌ಆರ್ ನಂಬರ್ ಇರುವ ಸಂಘದ ಹೆಸರಲ್ಲಿ, ಇಲ್ಲವೇ ಫಲಾನುಭವಿಗಳ ಗುಂಪಿನ ಅಥವಾ ಸರ್ಕಾರಿ ಸಂಸ್ಥೆಯ ಹೆಸರಲ್ಲಿ ಇರಬೇಕು. ಶಾಲೆಗೇ ಒಪ್ಪಿಸುತ್ತೇವೆ ಅಂತ ಮೊದಲೇ ಬರೆದುಕೊಡಿ, ನಮ್ಮ ಆಡಿಟರ್ ಖುಷಿ ಆಗುತ್ತಾರೆ.

ಸಂಬಳದ ವಿಷಯ. ಆ ಶೇ. 5ರ ಮಿತಿ ಕಂಪನಿಯು ಸಿಎಸ್‌ಆರ್ ನಡೆಸಲು ಮಾಡುವ ತನ್ನ ಆಡಳಿತ ಖರ್ಚಿಗೆ. ತೋಟದಲ್ಲಿ ದುಡಿಯುವವರ ಸಂಬಳ ಯೋಜನೆಯ ಖರ್ಚು, ಅದಕ್ಕೆ ಆ ಮಿತಿ ಬರಲ್ಲ. ಈ ತಪ್ಪು ತಿಳುವಳಿಕೆ ಕಂಪನಿಗಳಲ್ಲೂ ಇದೆ. ಹಾಗಾಗಿ ಬಜೆಟ್‌ನಲ್ಲಿ ‘ಆಡಳಿತ ವೆಚ್ಚ’ ಅಂತ ಬರೆಯದೆ ‘ನಾಲ್ಕು ಶಾಲೆಗಳ ತೋಟ ನಿರ್ವಹಣೆ, ಒಬ್ಬರು, 12 ತಿಂಗಳು’ ಅಂತ ಬಿಡಿಸಿ ಬರೆಯಿರಿ.

ಪತ್ರ ಎರಡು ಪುಟ ಸಾಕು. ಕಂಪನಿ ಕಾಯ್ದೆಯ 7ನೇ ಅನುಸೂಚಿಯಲ್ಲಿ (ಯಾವ ಕೆಲಸಕ್ಕೆ ಸಿಎಸ್‌ಆರ್ ಕೊಡಬಹುದು ಅನ್ನುವ ಪಟ್ಟಿ) ಹಸಿವು, ಅಪೌಷ್ಟಿಕತೆ ಒಂದು ಕಡೆ, ಶಿಕ್ಷಣ ಒಂದು ಕಡೆ, ಪರಿಸರ ಇನ್ನೊಂದು ಕಡೆ ಇದೆ. ತೋಟ ಮೂರಕ್ಕೂ ಹೊಂದುತ್ತದೆ, ಆದರೆ ಆ ಕಂಪನಿ ಯಾವುದಕ್ಕೆ ಕೊಡುತ್ತಾ ಬಂದಿದೆಯೋ ಅದನ್ನೇ ಮುಂದೆ ಮಾಡಿ. ಎಷ್ಟು ಕೆಜಿ ಸೊಪ್ಪು, ತರಕಾರಿ ಬಿಸಿಯೂಟಕ್ಕೆ ಹೋಯಿತು ಅಂತ ತೂಕ ಮಾಡಿ ರಿಜಿಸ್ಟರ್‌ನಲ್ಲಿ ಬರೆದು, ಅಡುಗೆಯವರ ಸಹಿ ಹಾಕಿಸಿ. ನನ್ನ ಟೇಬಲ್‌ಗೆ ಬರುವ ಅರ್ಜಿಗಳಲ್ಲಿ ‘ಮಕ್ಕಳ ಸರ್ವಾಂಗೀಣ ಅಭಿವೃದ್ಧಿ’ ಎಲ್ಲದರಲ್ಲೂ ಇರುತ್ತದೆ, ಇಂಥ ಒಂದು ರಿಜಿಸ್ಟರ್ ಇರಲ್ಲ. ಮೊದಲ ವರ್ಷ ಏಳು ಲಕ್ಷ ಕೇಳದೆ ಎರಡು ಶಾಲೆಗೆ ಮಾತ್ರ ಕೇಳಿ. ವನಮಹೋತ್ಸವಕ್ಕೆ ಶಾಮಿಯಾನ, ಬ್ಯಾನರ್ ಅಂತ ಕೇಳಬೇಡಿ, ಒಂದು ದಿನದ ಕಾರ್ಯಕ್ರಮ, ಪ್ರಚಾರ ಇವು ಸಿಎಸ್‌ಆರ್ ಲೆಕ್ಕಕ್ಕೆ ಬರಲ್ಲ.

ಸಮಯ ಹೇಳುವುದಾದರೆ, ಹೊಸ ವರ್ಷದ ಯೋಜನೆಯಲ್ಲಿ ಸೇರಬೇಕೆಂದರೆ ಡಿಸೆಂಬರ್‌ನಿಂದ ಫೆಬ್ರುವರಿ ಒಳಗೆ ಮಾತಾಡಿ. ಮಾರ್ಚ್‌ನಲ್ಲಿ ಬಂದರೆ ಉಳಿದ ಚಿಲ್ಲರೆ ಸಿಕ್ಕರೂ ಸಿಗಬಹುದು, ಆದರೆ ಎಲ್ಲಾ ಕಾಗದ ಕೈಯಲ್ಲಿ ಇರಬೇಕು, ಯಾಕೆಂದರೆ ಆಗ ಯಾರಿಗೂ ಕಾಯಲು ಪುರುಸೊತ್ತು ಇರಲ್ಲ.

ಬೀಳಗಿ_ಕೈತೋಟ:

ಸಿಎ ಹತ್ತಿರ ಮಾತಾಡಿದೆ, 80ಜಿ ಅರ್ಜಿ ಹಾಕುತ್ತಿದ್ದೇವೆ. ಮಾಸ್ತರ್ರಿಗೆ ಬೇಜಾರೇನಿಲ್ಲ ಅಂತ ಹೇಳುತ್ತೇನೆ, ನಮ್ಮಲ್ಲಿ ಬೇಸಿಗೆ ನೀರನ್ನು ಅಂಗನವಾಡಿ ಸಹಾಯಕಿ ನೋಡಿಕೊಳ್ಳುತ್ತಾರೆ, ಆದರೂ ಒಂದು ಶಾಲೆಯಲ್ಲಿ ಬದನೆ ಪೂರ್ತಿ ಹೋಗಿದ್ದು ನಿಜ. ಪತ್ರ ಕನ್ನಡದಲ್ಲಿ ಬರೆದರೆ ನಡೆಯುತ್ತಾ?

ಉದ್ಯಮಬಾಗ_ಲೆಕ್ಕಪತ್ರ:

ಮಾಲೀಕರಿಗೆ ಕನ್ನಡದಲ್ಲಿ ಕೊಡಿ. ನಮ್ಮ ಬೆಳಗಾವಿ ಕಡೆ ಬಂದರೆ ಮರಾಠಿಯಲ್ಲಿ ನಾಲ್ಕು ಮಾತಾಡುವವರೊಬ್ಬರು ಜೊತೆಗಿದ್ದರೆ ಒಳ್ಳೆಯದು. ಬಜೆಟ್ ಹಾಳೆ ಮಾತ್ರ ಇಂಗ್ಲಿಷ್‌ನಲ್ಲೂ ಇರಲಿ, ಅದು ಆಡಿಟರ್ ಫೈಲಿಗೆ ಹೋಗುತ್ತದೆ. 80ಜಿ ಬಂದ ಮೇಲೆ ಇನ್‌ಬಾಕ್ಸ್ ಮಾಡಿ, ಬಜೆಟ್ ಹಾಳೆ ಒಮ್ಮೆ ನೋಡಿಕೊಡುತ್ತೇನೆ.