ಸಹಾಯ ಬೇಕು: ಅಮೆರಿಕದ ಟೆನ್ಯೂರ್ (ಪ್ರಾಧ್ಯಾಪಕರ ಕಾಯಂ ನೌಕರಿ) ಬಗ್ಗೆ ಗೊತ್ತಿರುವವರು ಇದ್ದೀರಾ?

ಎಲ್ಲರಿಗೂ ನಮಸ್ಕಾರ. ನಾನು ಒಂದು ಸರ್ಕಾರಿ ಪದವಿ ಕಾಲೇಜಿನಲ್ಲಿ ಇತಿಹಾಸದ ಅತಿಥಿ ಉಪನ್ಯಾಸಕಿ. ಒಂಬತ್ತು ವರ್ಷ ಆಯಿತು, ಪ್ರತಿ ವರ್ಷ ಮತ್ತೆ ಅರ್ಜಿ, ಮತ್ತೆ ಕಾಯುವುದು. ಹೋದ ತಿಂಗಳು ಜಾತಿ ಮತ್ತು ಜಮೀನಿನ ಬಗ್ಗೆ ಪಾಠ ಮಾಡುತ್ತಿದ್ದಾಗ ಹಿಂದಿನ ಬೆಂಚಿನಿಂದ ಯಾರೋ ಮೊಬೈಲ್ ಎತ್ತಿ ಹಿಡಿದರು. ನಾನು ಮುಂದಿನ ಮಾತು ನುಂಗಿಕೊಂಡು, ಸೀಮೆಸುಣ್ಣ ಕೆಳಗಿಟ್ಟು, ಸುಮ್ನೆ ನೋಟ್ಸ್ ಬರೆಸಿದೆ. ಅದು ಇನ್ನೂ ಮನಸ್ಸು ಕೊರೆಯುತ್ತಿದೆ. ಕೆಲಸ ಕಾಯಂ ಇದ್ದಿದ್ದರೆ ಖಂಡಿತ ಹಾಗೆ ಮಾಡುತ್ತಿರಲಿಲ್ಲ.

ಇದರ ಮೇಲೆ ನಮ್ಮ ಉಪನ್ಯಾಸಕರ ಸಭೆಗೆ ಒಂದು ಟಿಪ್ಪಣಿ ಬರೆಯುತ್ತಿದ್ದೇನೆ. ಅಮೆರಿಕದ ಪ್ರಾಧ್ಯಾಪಕರ ಸಂಘ 1940ರಲ್ಲೇ ಹೇಳಿತ್ತು: ಪ್ರೊಬೇಷನ್ 7 ವರ್ಷ ಮೀರಬಾರದು, ಆಮೇಲೆ ಸರಿಯಾದ ಕಾರಣ ಇಲ್ಲದೆ ತೆಗೆಯಬಾರದು. ಈಗ ಅಲ್ಲೂ ಅದು ಸಡಿಲ ಆಗುತ್ತಿದೆ ಅಲ್ವಾ? ವಿಸ್ಕಾನ್ಸಿನ್ 2015ರಲ್ಲಿ ಟೆನ್ಯೂರನ್ನು ರಾಜ್ಯದ ಕಾನೂನಿನಿಂದಲೇ ತೆಗೆದು ಆಡಳಿತ ಮಂಡಳಿಯ ಕೈಗೆ ಕೊಟ್ಟಿತು. ಫ್ಲೋರಿಡಾದಲ್ಲಿ 2022ರ ಕಾನೂನಿನ ನಂತರ ಟೆನ್ಯೂರ್ ಸಿಕ್ಕವರಿಗೂ 5 ವರ್ಷಕ್ಕೊಮ್ಮೆ ಪರಿಶೀಲನೆ ಬಂತು.

ಅಲ್ಲಿ ಪಾಠ ಮಾಡುವ ಕನ್ನಡಿಗರು ದಯವಿಟ್ಟು ತಿಳಿಸಿ, ನಿಮ್ಮ ಮೇಲೆ ದೂರು ಬಂದರೆ ಮೊದಲು ಯಾರು ವಿಚಾರಿಸುತ್ತಾರೆ, ನಿಮ್ಮ ಉತ್ತರ ಕೇಳದೆ ಕ್ರಮ ಆಗುತ್ತದಾ, ಸಹೋದ್ಯೋಗಿಗಳ ಸಮಿತಿಗೆ ನಿಜವಾಗಿ ಎಷ್ಟು ಅಧಿಕಾರ ಇದೆ? ಇಲ್ಲಿಯ ಅತಿಥಿ ಉಪನ್ಯಾಸಕರಲ್ಲಿ ಯಾರಿಗಾದರೂ ಪಾಠದ ವಿಷಯಕ್ಕೆ ನೋಟಿಸ್ ಬಂದಿದ್ದರೆ ಹೇಗೆ ಉತ್ತರ ಕೊಟ್ಟಿರಿ ಅಂತ ಇನ್‌ಬಾಕ್ಸ್‌ಗೆ ಬರೆಯಿರಿ. ಯಾರ ಹೆಸರನ್ನೂ, ಕಾಲೇಜಿನ ಹೆಸರನ್ನೂ ಹಾಕುವುದಿಲ್ಲ. ಸಭೆ ಮುಂದಿನ ಭಾನುವಾರ, ಶುಕ್ರವಾರದೊಳಗೆ ಸಿಕ್ಕರೆ ತುಂಬಾ ಉಪಕಾರ.