ಅಂಬಾಸಿಡರ್: ಥರ್ಡ್ ಗೇರ್ ನಿಲ್ಲುತ್ತಿಲ್ಲ, ಮನೆಯಲ್ಲೇ ಬಿಚ್ಚಲೇ?

ಸಪ್ತಾಪುರ, ಧಾರವಾಡ
ನಮ್ಮ ತಂದೆಯವರ 1976ರ ಮಾರ್ಕ್ 3, ಪೆಟ್ರೋಲ್, ಹ್ಯಾಂಡ್ ಗೇರ್ (ಲಿವರ್ ಸ್ಟೀರಿಂಗ್ ಪಕ್ಕದಲ್ಲಿ). ಅರಬೈಲ್ ಘಟ್ಟ ಇಳಿಯುವಾಗ ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಸಾಕು, ಥರ್ಡ್ ಗೇರ್ ಸ್ಲಿಪ್ ಆಗಿ ನ್ಯೂಟ್ರಲ್‌ಗೆ ಬಂದುಬಿಡುತ್ತದೆ. ಎಡಗೈಯಲ್ಲಿ ಲಿವರ್ ಒತ್ತಿ ಹಿಡಿದುಕೊಂಡೇ ಅಂಕೋಲಾ ಮುಟ್ಟಿದೆ. ಕೆಳಗಿನ ಮೂರೂ ಗೇರ್‌ಗಳಲ್ಲಿ ಗುಂಯ್ ಎನ್ನುವ ಸದ್ದು. ಟಾಪ್‌ಗೆ (ನಾಲ್ಕನೇ ಗೇರ್) ಹಾಕಿದ ಕೂಡಲೇ ಸದ್ದು ನಿಲ್ಲುತ್ತದೆ. ಗಾಡಿ ಉರುಳುತ್ತಿರುವಾಗ ಫಸ್ಟ್ ಹಾಕಿದರೆ ಕರಕರ. ಒಬ್ಬ ಮೆಕ್ಯಾನಿಕ್ ‘ಗುಜರಿಗೆ ಕೊಡಿ’ ಎಂದ. ಅವನ ಬಳಿ ಮತ್ತೆ ಹೋಗಲಿಲ್ಲ. ಹಿತ್ತಲಲ್ಲಿ ತಗಡಿನ ಶೆಡ್ ಇದೆ, ಪಾನಾಗಳಿವೆ, ನಿವೃತ್ತನಾದ್ದರಿಂದ ಸಮಯಕ್ಕೂ ಬರವಿಲ್ಲ. ಬಿಚ್ಚಲೇ?

ಗೋಕುಲ ರಸ್ತೆ, ಹುಬ್ಬಳ್ಳಿ (ಲೇಥ್ ಕೆಲಸ)
ಬಿಚ್ಚಿ ಸರ್. ಆದರೆ ಮೊದಲು ಸ್ಟೀರಿಂಗ್ ಕೆಳಗೆ, ಲಿವರನ್ನು ಗೇರ್‌ಬಾಕ್ಸ್‌ಗೆ ಜೋಡಿಸುವ ಲಿಂಕ್ ರಾಡ್‌ಗಳ ಬುಷ್ ನೋಡಿ. ಅವು ಸವೆದಿದ್ದರೆ ಗೇರ್ ಪೂರ್ತಿ ಕೂಡುವುದೇ ಇಲ್ಲ; ಅಪವಾದ ಮಾತ್ರ ಗೇರ್‌ಬಾಕ್ಸ್‌ಗೆ. ಫಸ್ಟ್‌ನ ಕರಕರ ರೋಗವೇ ಅಲ್ಲ. ಅದರಲ್ಲಿ ಫಸ್ಟ್‌ಗೆ ಸಿಂಕ್ರೋ (ತಿರುಗುವ ವೇಗ ಸರಿಹೊಂದಿಸಿ ಗೇರ್ ಕೂಡಿಸುವ ವ್ಯವಸ್ಥೆ) ಇಲ್ಲ, ಗಾಡಿ ನಿಲ್ಲಿಸಿಯೇ ಹಾಕಬೇಕು.

ಸದ್ದು ಮಾತ್ರ ನಿಜವಾದ ಕಾಯಿಲೆ. ಟಾಪ್‌ನಲ್ಲಿ ಎಂಜಿನ್ನಿನ ಬಲ ನೇರವಾಗಿ ಮೇನ್ ಶಾಫ್ಟ್‌ಗೆ ಹೋಗುತ್ತದೆ. ಅದರ ಕೆಳಗಿರುವ, ಉಳಿದ ಗೇರ್‌ಗಳಿಗೆ ಬಲ ದಾಟಿಸುವ ಲೇ ಗೇರ್ ಸುಮ್ಮನೆ ತಿರುಗುತ್ತದೆ, ಭಾರ ಹೊರುವುದಿಲ್ಲ. ಟಾಪ್‌ನಲ್ಲಿ ಸದ್ದು ಅಡಗುತ್ತದೆಂದರೆ ನನ್ನ ಅನುಮಾನ ಲೇ ಶಾಫ್ಟ್‌ನ (ಲೇ ಗೇರ್ ತಿರುಗುವ ಕಂಬಿ) ನೀಡಲ್ ಬೇರಿಂಗ್‌ಗಳ (ಸೂಜಿಯಂಥ ಸಣ್ಣ ರೋಲರ್‌ಗಳು) ಮೇಲೆ. ಶಾಫ್ಟ್ ಒರೆಸಿ ಅದರ ಮೇಲೆ ಉಗುರು ಆಡಿಸಿ. ಉಗುರು ತಡೆದರೆ ಬೇರಿಂಗ್ ಜೊತೆಗೆ ಶಾಫ್ಟನ್ನೂ ಬದಲಿಸಿ.

ಗದಗ
ಫೋರ್ಕ್ ರಾಡ್ (ಗೇರ್ ಬದಲಿಸಲು ಸರಿಯುವ ಕಂಬಿ) ಎಳೆಯುವಾಗ ತೂತಿಗೆ ಬಟ್ಟೆ ಅಡ್ಡ ಹಿಡಿಯಿರಿ. ಸ್ಪ್ರಿಂಗ್ ಒತ್ತಿ ಕೂತ ಗುಂಡು ಸಿಡಿದರೆ ಹಿತ್ತಲೆಲ್ಲ ಜಾಲಾಡಬೇಕಾಗುತ್ತದೆ. ಆ ಸ್ಪ್ರಿಂಗ್ ಸೋತಿದ್ದರೂ ಗೇರ್ ಸ್ಲಿಪ್ ಆಗುತ್ತದೆ. ಆದರೆ ಗೇರ್ ಕಚ್ಚುವ ಸಣ್ಣ ಹಲ್ಲುಗಳ ತುದಿ ದುಂಡಾಗಿದ್ದರೆ ಹೊಸ ಸ್ಪ್ರಿಂಗ್‌ನಿಂದ ಏನೂ ಆಗದು. ಹಿತ್ತಾಳೆ ಸಿಂಕ್ರೋ ರಿಂಗನ್ನು ಗೇರ್‌ನ ಕೋನ್ (ಶಂಕುವಿನಂಥ ಭಾಗ) ಮೇಲೆ ಒತ್ತಿ ನೋಡಿ. ರಿಂಗ್‌ಗೂ ಹಲ್ಲಿಗೂ ನಡುವೆ ಸಂದು ಉಳಿಯದಿದ್ದರೆ ಅದರ ಕಥೆ ಮುಗಿದಂತೆ. ಗೇರ್ ಆಯಿಲ್ ಜಿಎಲ್-4 ದರ್ಜೆಯದೇ ಇರಲಿ. ಅಂಗಡಿಯವರು ‘ಇದು ಇನ್ನೂ ಒಳ್ಳೆಯದು’ ಎಂದು ಜಿಎಲ್-5 ಕೊಡುತ್ತಾರೆ. ಅದರಲ್ಲಿನ ಗಂಧಕ ಹಿತ್ತಾಳೆಗೆ ಆಗಿಬರುವುದಿಲ್ಲ.

ಸಪ್ತಾಪುರ, ಧಾರವಾಡ
ಬುಷ್‌ಗಳು ಗಟ್ಟಿಯಾಗಿವೆ. ಅಲ್ಲಿಗೆ ಗೇರ್‌ಬಾಕ್ಸ್ ಇಳಿಸುವುದು ಖಚಿತ. ತಿರುಗಿ ಜೋಡಿಸುವಾಗ ನೀಡಲ್‌ಗಳು ಉದುರದಂತೆ ಏನು ಮಾಡುತ್ತೀರಿ?

ಗೋಕುಲ ರಸ್ತೆ, ಹುಬ್ಬಳ್ಳಿ
ಗಟ್ಟಿ ಗ್ರೀಸ್ ಮೆತ್ತಿ ಒಂದೊಂದಾಗಿ ಕೂಡಿಸಿ, ನಡುವೆ ಲೇ ಗೇರ್‌ನಷ್ಟೇ ಉದ್ದದ ಡಮ್ಮಿ ಶಾಫ್ಟ್ ತೂರಿಸಿ. ನಿಜವಾದ ಶಾಫ್ಟ್ ಒಳಗೆ ಹೋದಂತೆ ಡಮ್ಮಿ ಹೊರಬೀಳುತ್ತದೆ. ನಾನೇ ತಿರುವಿ ಕೊಡುತ್ತೇನೆ, ಅಳತೆಗೆ ಹಳೆಯ ಶಾಫ್ಟ್ ಮತ್ತು ಲೇ ಗೇರ್ ಎರಡನ್ನೂ ತನ್ನಿ. ಇನ್ನೊಂದು: ಇಳಿಸುವಾಗ ಕೆಳಗೆ ಜ್ಯಾಕ್ ಇರಲಿ, ಬಾಕ್ಸ್‌ನ ಭಾರ ಕ್ಲಚ್ ಪ್ಲೇಟ್ ಮೇಲೆ ಜೋತುಬಿದ್ದರೆ ಪ್ಲೇಟ್ ಸೊಟ್ಟಗಾಗುತ್ತದೆ. ಭಾನುವಾರ ಮಾತ್ರ ಬರಬೇಡಿ, ಲೇಥ್ ಬಂದ್.